ಅಜ್ಜ ಬಾಗಿಲಿಗೆ ಹೇಳಿದ ಸುಳ್ಳು

ಅಜ್ಜ ತೀರಿಕೊಂಡು ಮೂರು ವಾರವಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಅಜ್ಜಿ ಹಾಲು ತರಲು ಹೋಗಿ ಹಿಂದಿರುಗಿ ಬಂದು ತನ್ನ ಮನೆಯ ಬಾಗಿಲ ಮುಂದೆ ನಲವತ್ತು ನಿಮಿಷ ನಿಂತಳು.

ಆ ಬಾಗಿಲಿಗೆ ಕೀಲಿಕೈ ಇರಲಿಲ್ಲ. ಎರಡು ವರ್ಷದ ಹಿಂದೆ ಅಜ್ಜನೇ ಹಳೆಯ ಬೀಗ ತೆಗೆಸಿ, ಬೆರಳು ನೋಡಿ ತೆರೆಯುವ ಹೊಸ ಬೀಗ ಹಾಕಿಸಿದ್ದ. ಅಂಗೈಯಗಲದ ಕಪ್ಪು ಗಾಜು. ಅದರ ಮೇಲೆ ಬೆರಳಿಟ್ಟರೆ ಹಸಿರು ದೀಪ ಹತ್ತಿ ಬಾಗಿಲು ಸಡಿಲವಾಗುತ್ತಿತ್ತು, ಮುಚ್ಚಿದೊಡನೆ ತಾನೇ ಬೀಗ ಬೀಳುತ್ತಿತ್ತು. ತನ್ನ ಬೆರಳು ಅದರಲ್ಲಿ ದಾಖಲಾಗಿಲ್ಲವೆಂಬುದು ಅಜ್ಜಿಗೆ ಗೊತ್ತಿತ್ತು. ಆದರೂ ಮನೆಯ ಬೀಗ ಮನೆಯವಳನ್ನು ಗುರುತು ಹಿಡಿಯದೆ ಇದ್ದೀತೇ ಎಂಬ ಧೈರ್ಯದಿಂದ ಬಲಗೈಯ ಐದು ಬೆರಳನ್ನೂ ಇಟ್ಟು ನೋಡಿದಳು, ಎಡಗೈಯ ಐದನ್ನೂ ಇಟ್ಟು ನೋಡಿದಳು. ಪ್ರತಿ ಸಲವೂ ಬೀಗದೊಳಗಿನ ಹೆಣ್ಣುದನಿ "ಕ್ಷಮಿಸಿ, ಗುರುತು ಸಿಗಲಿಲ್ಲ" ಎಂದು ಬಹಳ ಮರ್ಯಾದೆಯಿಂದ ಹೇಳಿತು. ಹತ್ತನೆಯ ಸಲ ಅಜ್ಜಿಯೂ ಅಷ್ಟೇ ಮರ್ಯಾದೆಯಿಂದ "ಪರವಾಗಿಲ್ಲ, ನಿನ್ನ ತಪ್ಪಲ್ಲ" ಎಂದಳು.

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆರು ಗಂಟೆಗೇ ಹೋಗಿದ್ದ. ಮೊಮ್ಮಗಳು ಗುಬ್ಬಿ ಕಾಲೇಜಿಗೆ ಹೋಗಿದ್ದಳು. ಸೊಸೆ ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿದ್ದಳು. ಬಾಗಿಲನ್ನು ದೂರದಿಂದಲೇ ಒಂದು ಸಲ ತೆರೆಯುವ ಗುಂಡಿ ಅವಳ ಫೋನಿನಲ್ಲಿತ್ತು. ಆದರೆ ಕೆಲಸದ ಮಧ್ಯೆ ಅವಳು ಫೋನ್ ಮುಟ್ಟುವಂತಿರಲಿಲ್ಲ. ಚಹಾ ಬಿಡುವಿನಲ್ಲಿ ಅವಳು ಅತ್ತೆಯ ಏಳು ಕರೆಗಳನ್ನು ಕಂಡು ಗುಂಡಿ ಒತ್ತುವ ಹೊತ್ತಿಗೆ ಹಾಲು ಬೆಚ್ಚಗಾಗಿತ್ತು. ಕಾಯಿಸಿದರೆ ಒಡೆಯಿತು.

ರಾತ್ರಿ ಊಟಕ್ಕೆ ಕುಳಿತಾಗ ಮಾತು ಬಂತು.

"ಹನ್ನೆರಡು ಜನರ ರಕ್ತ ಮುಂದಿಟ್ಟುಕೊಂಡು ಕೂತಿದ್ದೆ ಅತ್ತೆ. ನಡುವೆ ಕೈಗವಸು ಬಿಚ್ಚೋ ಹಾಗಿಲ್ಲ" ಎಂದಳು ಸೊಸೆ.

"ನಾನೇನು ಬಿಚ್ಚು ಅಂದೆನಾ? ಹಾಲು ಹಾಳಾಯ್ತಲ್ಲ ಅಂದೆ, ಅಷ್ಟೆ."

"ಹಾಲು ಹೋಗ್ಲಿ ಬಿಡಮ್ಮ. ನೀನು ಅಷ್ಟು ಹೊತ್ತು ಬಿಸಿಲಲ್ಲಿ ನಿಂತೆಯಲ್ಲ" ಎಂದ ಮಗ.

"ನಾನು ಅಷ್ಟು ಬೇಗ ಒಡೆಯೋ ಪದಾರ್ಥ ಅಲ್ಲ ಕಣೋ."

ಗುಬ್ಬಿ ನಕ್ಕಳು. ಸೊಸೆ ನಗಲಿಲ್ಲ. ಅವಳು ಕೆಟ್ಟವಳಲ್ಲ, ಅವಳ ಕೆಲಸ ಅವಳನ್ನು ಹಾಗೆ ಮಾಡಿತ್ತು. ಹೆಸರು ಒಂದು ಸಲ, ಹುಟ್ಟಿದ ದಿನ ಒಂದು ಸಲ, ಎರಡೂ ತಾಳೆಯಾಗದೆ ಅವಳು ಯಾರ ಸೀಸೆಯನ್ನೂ ಮುಟ್ಟುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳ ಕೈಯಲ್ಲಿ ಒಬ್ಬರ ರಕ್ತ ಇನ್ನೊಬ್ಬರದಾಗಿರಲಿಲ್ಲ. ಇನ್ನು ಮೇಲೆ ಅತ್ತೆ ಹೊರಗೆ ಹೋಗುವ ಮೊದಲು ತನಗೆ ತಿಳಿಸಬೇಕು, ಇಷ್ಟು ಗಂಟೆಗೆ ಹಿಂದಿರುಗುತ್ತೇನೆ ಎನ್ನಬೇಕು, ಆ ಹೊತ್ತಿಗೆ ತಾನು ಗುಂಡಿ ಒತ್ತುತ್ತೇನೆ ಎಂದು ಅವಳು ಏರ್ಪಾಡು ಹೇಳಿದಳು. ಏರ್ಪಾಡಿನಲ್ಲಿ ತಪ್ಪೇನೂ ಇರಲಿಲ್ಲ. ಅಜ್ಜಿ ಹೂಂ ಎಂದಳು.

ಆದರೆ ಆ ವಾರದಿಂದ ಅಜ್ಜಿ ಹೊರಗೆ ಹೋಗುವುದನ್ನೇ ಬಿಟ್ಟಳು. ಎರಡು ಬೀದಿ ಆಚೆ ಪ್ರಾರ್ಥನಾ ಮಂದಿರವಿತ್ತು. ಅಲ್ಲಿ ಬುಧವಾರ, ಶನಿವಾರ ಬೆಳಿಗ್ಗೆ ಹಿರಿಯ ಹೆಂಗಸರೆಲ್ಲ ಸೇರಿ ಹಾಡುತ್ತಿದ್ದರು. ಕೆಳದನಿಯ ಸಾಲಿಗೆ ಅಜ್ಜಿಯೇ ಆಧಾರ. ಅವಳಿಲ್ಲದೆ ಹಾಡು ಕಾಲಿಲ್ಲದ ಕುರ್ಚಿಯಂತಾಗಿದೆಯೆಂದು ಅವರು ಹೇಳಿಕಳಿಸಿದರು. ಅಜ್ಜಿ ಮಂಡಿನೋವೆಂದು ನೆವ ಹೇಳಿದಳು. ಹಾಡು ಮುಗಿಯುವುದು ದೇವರ ಇಚ್ಛೆ. ಇಷ್ಟೇ ಗಂಟೆಗೆ ಮುಗಿಯುತ್ತದೆಂದು ಸೊಸೆಗೆ ಹೇಗೆ ಹೇಳುವುದು? ಮನೆಯಿಂದ ಹೋಗುವುದು ತನ್ನ ಕೈಯಲ್ಲಿತ್ತು. ಬರುವುದು ಇನ್ನೊಬ್ಬರ ಕೈಗೆ ಹೋಗಿತ್ತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅದು ಅವಳಿಗೆ ಹಿಡಿಸಲಿಲ್ಲ.

ಅಜ್ಜ ಅವಳ ಬೆರಳನ್ನು ದಾಖಲು ಮಾಡಿಸಲು ನೋಡದೆ ಇರಲಿಲ್ಲ. ಇಬ್ಬರೂ ಸೇರಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಅಜ್ಜ ಹೊರಗೆ ಕ್ಯಾಮೆರಾ ಹಿಂದೆ, ಅಜ್ಜಿ ಒಳಗೆ ಕತ್ತಲೆ ಕೋಣೆಯಲ್ಲಿ. ಫೋಟೋ ತೊಳೆಯುವ ಔಷಧಿಯಲ್ಲಿ ದಿನವೂ ಕೈ ಅದ್ದಿ ಅದ್ದಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಸವೆದು ಬೆಣಚುಕಲ್ಲಿನಂತೆ ನುಣ್ಣಗಾಗಿದ್ದವು. ಹೊಸ ಬೀಗ ಬಂದ ದಿನ ಅಜ್ಜ ಅವಳ ಬೆರಳುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಒತ್ತಿ ನೋಡಿ, ಕೊನೆಗೆ ಕೈ ಬಿಡದೆಯೇ, ನಾನಿರುವಾಗ ನಿನಗೆ ಬೆರಳು ಯಾಕೆ ಎಂದಿದ್ದ. ಅಂಕಿ ಒತ್ತಿ ತೆರೆಯುವ ಸೌಕರ್ಯವೂ ಬೀಗದಲ್ಲಿತ್ತು. ಬೀದಿಯಲ್ಲಿ ಹೋಗುವವರು ಕದ್ದು ನೋಡಿಯಾರೆಂದು ಅಜ್ಜನೇ ಅದನ್ನು ಮುಚ್ಚಿಟ್ಟಿದ್ದ. ಆಮೇಲೆ ಎರಡು ವರ್ಷ ಇಬ್ಬರೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬಂದರು. ಬಾಗಿಲು ಒಂದು ವಿಷಯವೇ ಆಗಿರಲಿಲ್ಲ.

ಭಾನುವಾರ ಮಗಳು ಬಂದಳು. ಮಗನಿಗಿಂತ ದೊಡ್ಡವಳು, ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಮಾತು ಅವಳ ಕತ್ತರಿಗಿಂತ ಹರಿತ. ಮಂಡಿನೋವಿನ ಸುದ್ದಿ ಕೇಳಿ ಎಣ್ಣೆ ತಂದಿದ್ದಳು. ಮಂಡಿಯಲ್ಲಿ ನೋವೇ ಇಲ್ಲವೆಂದು ಐದು ನಿಮಿಷದಲ್ಲಿ ಕಂಡುಹಿಡಿದು, ವಿಷಯ ತಿಳಿದು, ತಮ್ಮನ ಫೋನ್ ತೆಗೆಸಿ ಬೀಗದ ಪಟ್ಟಿ ನೋಡಿದಳು. ಒಡೆಯ ಎಂಬ ಕಡೆ ಅಜ್ಜನ ಹೆಸರಿತ್ತು. ಸದಸ್ಯರು ಎಂಬ ಕಡೆ ಮಗ, ಸೊಸೆ, ಗುಬ್ಬಿ. ಅದರ ಕೆಳಗೆ, ಬೇರೆ ಬಣ್ಣದಲ್ಲಿ, ಅತಿಥಿ ಒಂದು.

"ಈ ಅತಿಥಿ ಯಾರು?"

ಮಗ ತಲೆ ಕೆರೆದುಕೊಂಡ.

"ನಮ್ಮಮ್ಮ ಈ ಮನೆಗೆ ಅತಿಥಿ. ಚೆನ್ನಾಗಿದೆ."

"ಅಕ್ಕ, ಅದು ನಾನು ಬರೆದ ಮಾತಲ್ಲ" ಎಂದಳು ಸೊಸೆ. "ಸದಸ್ಯರನ್ನ ಸೇರಿಸೋಕೆ ಒಡೆಯರಿಗೆ ಮಾತ್ರ ಆಗೋದು. ದೂರದಿಂದ ಬಾಗಿಲು ತೆಗೆಯೋಕೆ ನನ್ನ ಕೈಲಾಗೋದು ಅತಿಥಿ ಅಂತ ಹಾಕೋದೊಂದೇ."

"ಪಟ್ಟಿಗೆ ಹಾಕಿದ ಕೈ ನಿಂದೇ ತಾನೆ?"

"ಹಾಕದೆ ಇದ್ದಿದ್ರೆ ಅತ್ತೆ ಇನ್ನೂ ಬೀದಿಯಲ್ಲೇ ಇರ್ತಿದ್ರು."

ಇಬ್ಬರ ದನಿಯೂ ಏರಿತು. ಅಜ್ಜಿ ತಟ್ಟೆಗಳನ್ನು ಒಟ್ಟುಮಾಡಿ ಇಬ್ಬರ ನಡುವೆ ತಂದಿಟ್ಟಳು. "ಅತಿಥಿ ಕೈಲಿ ಯಾರೂ ಪಾತ್ರೆ ತೊಳೆಸೋದಿಲ್ಲ. ಇವತ್ತಿಂದು ನೀವಿಬ್ಬರೂ ತೊಳೀರಿ" ಎಂದು ಹೇಳಿ ಹೋಗಿ ಮಲಗಿಬಿಟ್ಟಳು. ಅತ್ತಿಗೆ ನಾದಿನಿಯರು ಒಂದು ಮಾತೂ ಆಡದೆ ತೊಳೆದರು. ಪಾತ್ರೆಗಳೇ ಅವರ ಪರವಾಗಿ ಸದ್ದು ಮಾಡಿದವು.

ಮಗ ಡಿಪೋದಿಂದ ಕಟ್ಟರ್ ತಂದು ಬೀಗವನ್ನೇ ಕತ್ತರಿಸಿಬಿಡುತ್ತೇನೆಂದ. ಅಜ್ಜಿ ಒಪ್ಪಲಿಲ್ಲ. ಅವರು ಕೂರಿಸಿದ ಬೀಗ, ಅದೇ ನನ್ನನ್ನು ಒಳಗೆ ಬಿಡಬೇಕು, ಒಡೆದುಕೊಂಡು ಬರುವುದಕ್ಕೆ ನಾನೇನು ಕಳ್ಳಿಯೇ ಎಂದಳು. ಸೊಸೆಯೂ ಬೇಡವೆಂದಳು. ಮನೆಯ ದೀಪ, ನೀರಿನ ಪಂಪು, ಬಿಸಿನೀರು, ಅಡುಗೆ ಗ್ಯಾಸಿನ ತಿರುಪು, ಎಲ್ಲವನ್ನೂ ಅಜ್ಜ ಒಂದೇ ಖಾತೆಗೆ ಪೋಣಿಸಿದ್ದ. ಬೀಗ ಕತ್ತರಿಸಿದರೆ ಆ ದಾರವೇ ಕಡಿಯುತ್ತದೆ. ಎಲ್ಲವನ್ನೂ ಮೊದಲಿಂದ ಕಲಿಸಬೇಕು. ಒಡೆತನ ಅಜ್ಜಿಯ ಹೆಸರಿಗೆ ಬಂದರೆ ಅಂಕಿಯ ಸೌಕರ್ಯ ತೆರೆಯಬಹುದು, ಅಷ್ಟು ಸಾಕು. ಅದಕ್ಕೆ ಅಜ್ಜನ ಫೋನಿಗೆ ಒಂದು ಗುಪ್ತಸಂಖ್ಯೆ ಬರಬೇಕಿತ್ತು. ಮಗ ಕೆಲಸದಲ್ಲಿ ಅಚ್ಚುಕಟ್ಟಿನವನು. ಅಪ್ಪ ಹೋದ ಮೊದಲ ವಾರದಲ್ಲೇ ಆ ನಂಬರನ್ನು ರದ್ದು ಮಾಡಿಸಿ, ಫೋನನ್ನು ಅಂಗಡಿಯಲ್ಲಿ ಕೊಟ್ಟು ಪೂರ್ತಿ ಅಳಿಸಿ ತಂದು, ಒರೆಸಿ, ಅಮ್ಮನ ಪೆಟ್ಟಿಗೆಯಲ್ಲಿ ಇಟ್ಟಿದ್ದ.

"ನಿನ್ನ ಅಚ್ಚುಕಟ್ಟಿಗೆ ಬೆಂಕಿ ಬೀಳ" ಎಂದಳು ಅಕ್ಕ.

ಬೀಗದ ಕಂಪನಿಗೆ ಸೊಸೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಸಮಾಧಾನದಿಂದ ಕೇಳಿದಳು, ದುಃಖವಾಯಿತೆಂದಳು, ಆದರೆ ಒಡೆತನ ಬದಲಿಸುವುದಕ್ಕೆ ಆಗುವುದಿಲ್ಲವೆಂದಳು. ಸತ್ತವರ ಹೆಂಡತಿ ಎಂದು ಯಾರು ಬೇಕಾದರೂ ಹೇಳಬಹುದು. ದನಿ ನಂಬಿ ಬಾಗಿಲು ತೆರೆದರೆ ನಾಳೆ ಕಳ್ಳನಿಗೂ ತೆರೆಯಬೇಕಾಗುತ್ತದೆ. ಒಂದೇ ದಾರಿ ಉಳಿದಿತ್ತು. ಖಾತೆ ಮಾಡಿದಾಗ ಅಜ್ಜ ತಾನೇ ಆರಿಸಿಕೊಂಡ ಮೂರು ಗುಟ್ಟಿನ ಪ್ರಶ್ನೆಗಳಿವೆ. ಮೂರಕ್ಕೂ ಅವನು ಬರೆದಿಟ್ಟ ಉತ್ತರವನ್ನೇ ಕೊಡಬೇಕು. ಒಟ್ಟು ಮೂರು ತಪ್ಪಾದರೆ ಖಾತೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

"ಕಲ್ಲು ಮನಸ್ಸು ಅವಳದು" ಎಂದಳು ಮಗಳು.

"ಅವಳು ಸರಿಯಾಗೇ ಮಾಡಿದ್ದಾಳೆ. ನಾನಾಗಿದ್ರೂ ಹಾಗೇ ಹೇಳ್ತಿದ್ದೆ" ಎಂದಳು ಸೊಸೆ.

"ಅದಕ್ಕೇ ಅಂದಿದ್ದು."

ಮುಂದಿನ ಭಾನುವಾರ ಊಟವಾದ ಮೇಲೆ ಎಲ್ಲರೂ ಮೇಜಿನ ಸುತ್ತ ಕುಳಿತರು. ಅಜ್ಜಿಯ ಪೆಟ್ಟಿಗೆಯಿಂದ ಅಜ್ಜನ ಫೋನ್ ಬಂತು. ಸೊಸೆ ಅದಕ್ಕೆ ಮನೆಯ ಇಂಟರ್ನೆಟ್ ಕೊಟ್ಟು ಬೀಗದ ಪ್ರಶ್ನೆಗಳನ್ನು ತೆರೆದಳು. ಮೊದಲನೆಯ ಪ್ರಶ್ನೆ ಸುಲಭವಾಗಿತ್ತು: ನೀವು ಹುಟ್ಟಿದ ಊರು ಯಾವುದು? ಇದೆಂಥ ಗುಟ್ಟು ಎಂದು ಮಗ ಅಪ್ಪನ ಊರನ್ನು ಬರೆದು ಒತ್ತಿದ. ತಪ್ಪು ಎಂದಿತು. ಅಪ್ಪ ಹುಟ್ಟಿದ್ದು ಅಲ್ಲಲ್ಲ, ಅವರ ಅಮ್ಮನ ತವರಿನಲ್ಲಿ ಎಂದು ಅಕ್ಕ ಫೋನ್ ಕಿತ್ತುಕೊಂಡು ಆ ಊರನ್ನು ಬರೆದಳು. ಅದೂ ತಪ್ಪು. ಸೊಸೆ ತಟ್ಟನೆ ಕೈಚಾಚಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಇನ್ನು ಒಂದೇ ಸಲ ಉಳಿದಿರೋದು. ಗೊತ್ತಿಲ್ಲದೆ ಯಾರೂ ಮುಟ್ಟಬೇಡಿ."

ಎಲ್ಲರೂ ಪೆಚ್ಚಾಗಿ ಕುಳಿತರು. ಆಗ ಅಜ್ಜಿ ನಕ್ಕಳು. ಅಜ್ಜ ಹೋದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

"ನೀವು ನಿಜ ಬರೆದರೆ ಅದು ಹೇಗೆ ತೆಗೆಯುತ್ತೆ?" ಎಂದಳು. "ಪ್ರಶ್ನೆ ಕೇಳಿದವರಿಗೆ ಅವರು ಯಾವತ್ತು ನಿಜ ಹೇಳಿದ್ದಾರೆ?"

ಅದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅಜ್ಜನ ಸ್ಟುಡಿಯೋಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಗುರುತಿನ ಚೀಟಿಯ ಫೋಟೋಗೆ ಬರುವವರು. ಅಂಥ ಫೋಟೋದಲ್ಲಿ ನಗಬಾರದು, ಸಿಡುಕಲೂಬಾರದು. ಆ ನಡುವಿನ ಮುಖ ತರಿಸುವುದು ಕಷ್ಟ. ಅಜ್ಜ ಅದಕ್ಕೊಂದು ಉಪಾಯ ಮಾಡಿದ್ದ. ಕುರ್ಚಿಯಲ್ಲಿ ಕುಳಿತವರಿಗೆ ತನ್ನ ಬಗ್ಗೆ ಒಂದು ಸುಳ್ಳು ಹೇಳುತ್ತಿದ್ದ. ಇದು ನಿಜವೋ ಸುಳ್ಳೋ ಎಂದು ಅವರು ಯೋಚಿಸುವ ಒಂದು ಗಳಿಗೆ ಮುಖ ಸಡಿಲವಾಗುತ್ತದೆ. ಆ ಗಳಿಗೆಯಲ್ಲಿ ಗುಂಡಿ ಒತ್ತುತ್ತಿದ್ದ. ಊರಿನ ಅರ್ಧ ಜನ ತಮ್ಮ ಗುರುತಿನ ಚೀಟಿಯಲ್ಲಿ ಅಜ್ಜನ ಸುಳ್ಳನ್ನು ಕೇಳುತ್ತಾ ಕುಳಿತಿದ್ದರು.

"ಹಾಗಾದ್ರೆ ಹಡಗಿನ ಅಡುಗೆಮನೆ" ಎಂದ ಮಗ. "ಅಪ್ಪ ಹುಟ್ಟಿದ್ದು ಅಲ್ಲಿ ಅಂತ ನನಗೆ ಹೇಳಿದ್ದು."

"ದೀಪಸ್ತಂಭದ ತುದಿಯಲ್ಲಿ" ಎಂದಳು ಮಗಳು. "ನನಗೆ ಹೇಳಿದ್ದೇ ಸರಿಯಾದ ಸುಳ್ಳು. ನಾನು ದೊಡ್ಡವಳು."

"ತಾತ ನನಗೆ ಮಾತ್ರ ಹೇಳಿದ್ದು ಅಂದಿದ್ರು" ಎಂದಳು ಗುಬ್ಬಿ ಸಿಟ್ಟಿನಿಂದ. "ಬಲೂನಿನಲ್ಲಿ."

ಮೂವರೂ ಜಗಳಕ್ಕೆ ಬಿದ್ದರು. ಉತ್ತರ ಯಾವುದೆಂಬುದು ಹಿಂದೆ ಬಿದ್ದು, ಅಪ್ಪ ಯಾರಿಗೆ ಹೆಚ್ಚು ಒಳ್ಳೆಯ ಸುಳ್ಳು ಹೇಳಿದ್ದ ಎಂಬುದು ಮುಂದೆ ಬಂತು. ಸೊಸೆ ಎದ್ದು ಹೋಗಿ ಒಂದು ನೋಟ್‌ಬುಕ್ ತಂದು ಗೆರೆ ಎಳೆದಳು. ಯಾರಿಗೆ, ಯಾವಾಗ, ಏನು ಎಂದು ಮೂರು ಅಂಕಣ. ಊಹೆಯಿಂದ ಕೆಲಸವಾಗುವುದಿಲ್ಲ, ಮಾದರಿ ಸಂಗ್ರಹಿಸಬೇಕು ಎಂದಳು.

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ಸುಳ್ಳಿನ ಸುಗ್ಗಿ. ಮಗ ಡಿಪೋದ ಡ್ರೈವರುಗಳನ್ನು ಕೇಳಿ ಬಂದ. ಮಗಳು ಬಟ್ಟೆ ಅಳತೆ ಕೊಡಲು ಬಂದವರನ್ನೆಲ್ಲ ಅಳತೆ ಪಟ್ಟಿ ಕೊರಳಲ್ಲಿರುವಾಗಲೇ ವಿಚಾರಿಸಿದಳು. ಬೇಕರಿಯವನಿಗೆ ಅಜ್ಜ ಹಿಟ್ಟಿನ ಮೂಟೆಯಲ್ಲಿ ಸಿಕ್ಕಿದ ಮಗು. ಅಂಚೆಯವನಿಗೆ ತಪ್ಪು ವಿಳಾಸಕ್ಕೆ ಬಂದ ಪಾರ್ಸಲು. ಹಲ್ಲಿನ ಡಾಕ್ಟರಿಗೆ, ಬಾಯಲ್ಲಿ ಮೂವತ್ತೆರಡು ಹಲ್ಲಿಟ್ಟುಕೊಂಡೇ ಹುಟ್ಟಿದವನು. ಹೇಳುವವರೆಲ್ಲ ನಗುತ್ತಾ ಹೇಳಿದರು. ಕೆಲವರು ಹೇಳಿ ಮುಗಿಸಿ ಕಣ್ಣೊರೆಸಿಕೊಂಡು, ಇನ್ನೊಂದಿದೆ ಕೇಳಿ ಎಂದು ಮತ್ತೆ ಹೇಳಿದರು. ಒಂದು ಸಂಜೆ ಬೇಕರಿಯವನು ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ತಾನೇ ಬಂದ. ಅಂಗಡಿಯಲ್ಲಿ ನೆನಪಾಗದ ಒಂದು ಸುಳ್ಳು ದಾರಿಯಲ್ಲಿ ನೆನಪಾಯಿತಂತೆ. ಸೊಸೆ ಅವನನ್ನು ಕೂರಿಸಿ, ಯಾವ ವರ್ಷ, ಯಾವ ತಿಂಗಳು ಎಂದು ಸಾಕ್ಷಿಯನ್ನು ವಿಚಾರಿಸುವಂತೆ ವಿಚಾರಿಸಿ ಬರೆದುಕೊಂಡಳು.

ಮೊದಲು ಆ ಮನೆಯಲ್ಲಿ ಊಟ ಎಂದರೆ ಒಬ್ಬೊಬ್ಬರೂ ತಮಗೆ ಬೇಕಾದ ಹೊತ್ತಿಗೆ ಬಡಿಸಿಕೊಂಡು ಏಳುವುದಾಗಿತ್ತು. ಈಗ ಏಳೂವರೆಗೆ ಎಲ್ಲರೂ ಹಾಜರು. ಮಗಳು ಭಾನುವಾರಕ್ಕೆ ಕಾಯದೆ ಬುಧವಾರವೂ ಬಂದಳು, ಶುಕ್ರವಾರವೂ ಬಂದಳು. ಬರಿಗೈಯಲ್ಲಿ ಬಂದರೆ ಸೊಸೆ ಬಾಗಿಲಲ್ಲೇ "ಇವತ್ತೇನೂ ಸಿಗಲಿಲ್ವಾ ಅಕ್ಕ?" ಎಂದು ಕೇಳುತ್ತಿದ್ದಳು.

"ಮೂವತ್ತೊಂದಾಯ್ತು" ಎಂದಳು ಸೊಸೆ ಒಂದು ದಿನ, ಪುಟ ತಿರುಗಿಸಿ.

"ಅಪ್ಪ ಮೂವತ್ತೊಂದು ಸಲ ಹುಟ್ಟಿದಾನೆ" ಎಂದ ಮಗ.

"ಹೋಗಿದ್ದು ಒಂದೇ ಸಲ" ಎಂದಳು ಅಜ್ಜಿ.

ಅಜ್ಜಿ ಆಲೂಗಡ್ಡೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ಎರಡು ಹೋಳು ಹಾಕಿಕೊಂಡಳು. ಅವಳು ಮತ್ತೊಂದು ಸಲ ಬಡಿಸಿಕೊಂಡು ಉಂಡು ಎರಡು ತಿಂಗಳಾಗಿತ್ತು. ಸೊಸೆ ಅದನ್ನು ನೋಡಿ ಬಟ್ಟಲನ್ನು ಅವಳ ಹತ್ತಿರವೇ ಬಿಟ್ಟಳು.

"ಎಲ್ಲರದೂ ಬರೆದೆ. ನಿನ್ನದೆಲ್ಲಿ?" ಎಂದು ಅಜ್ಜಿ ಕೇಳಿದಳು. "ನಿನಗೇನು ಹೇಳಿದ್ರು?"

ಸೊಸೆ ಪೆನ್ನಿನ ಮುಚ್ಚಳ ಹಾಕಿ ತೆಗೆದಳು. "ನನಗೆ ಅವರು ಸುಳ್ಳು ಹೇಳಿದ್ದೇ ಇಲ್ಲ ಅತ್ತೆ. ನನ್ನ ಹತ್ರ ಅಷ್ಟು ಸಲಿಗೆ ಇರಲಿಲ್ಲ."

"ಹುಟ್ಟಿದ ಊರು ಯಾವುದು ಅಂತ ಯಾವತ್ತೂ ಮಾತೇ ಬರಲಿಲ್ವಾ?"

"ಬಂದಿತ್ತು. ಮದುವೆಯಾಗಿ ಬಂದ ವಾರದಲ್ಲೇ ಕೇಳಿದ್ದೆ. ಗಡಿಯಾರದ ಗೋಪುರದಲ್ಲಿ ಅಂದ್ರು. ಅವರಪ್ಪ ಅಲ್ಲಿ ಗಡಿಯಾರಕ್ಕೆ ಕೀಲಿ ಕೊಡೋ ಕೆಲಸದಲ್ಲಿದ್ರು ಅಂತ."

ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ನಮ್ಮ ತಾತ ಇದ್ದಿದ್ದು ಸೌದೆ ಡಿಪೋದಲ್ಲಿ ಕಣೇ."

"ಹದಿನೆಂಟು ವರ್ಷ ಯಾರೂ ಹೇಳಲಿಲ್ವಲ್ಲ ನನಗೆ. ಗುಬ್ಬಿ ಶಾಲೆಯಲ್ಲಿ ವಂಶವೃಕ್ಷ ಬರೆಸಿದಾಗ ಹಾಗೇ ಬರೆಸಿದೀನಿ. ಗೋಪುರದ ಚಿತ್ರ ಬೇರೆ ಅಂಟಿಸಿ."

"ಅದಕ್ಕೆ ಬಹುಮಾನ ಬಂದಿತ್ತು" ಎಂದಳು ಗುಬ್ಬಿ.

ಮಗಳಿಗೆ ನಗು ತಡೆಯಲಾಗಲಿಲ್ಲ, ನೀರು ನೆತ್ತಿಗೇರಿತು. ಎರಡು ಸಲ ತಾಳೆ ನೋಡದೆ ಒಂದು ಸೀಸೆ ಮುಟ್ಟದವಳು, ಮಾವನ ಹುಟ್ಟನ್ನು ಒಂದೇ ಮಾತಿಗೆ ನಂಬಿಬಿಟ್ಟಿದ್ದಳು. ಸೊಸೆ ಎಲ್ಲರ ಮುಖವನ್ನೂ ನೋಡಿದಳು. ಏಳಬೇಕೋ ಕೂರಬೇಕೋ ಎಂಬಂತಿತ್ತು ಅವಳ ಸ್ಥಿತಿ.

ಅಜ್ಜಿ ಮಾತ್ರ ನಗದೆ, ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ಹುಡುಕುತ್ತಿದ್ದಳು. "ಗುಬ್ಬಿ, ಇಲ್ಲಿ ನೀನು ಬರೆದ ಪುಟದಲ್ಲಿ ಇನ್ನೂ ಮೂರು ಕಡೆ ಗೋಪುರ ಇದೆ. ಓದು ನೋಡೋಣ."

ಗುಬ್ಬಿ ಓದಿದಳು. ಒಂದು, ಕೆಲಸದಿಂದ ನಿವೃತ್ತಿಯಾದ ಪೊಲೀಸ್ ಇನ್ಸ್‌ಪೆಕ್ಟರಿಗೆ ಹೇಳಿದ್ದು. ಇನ್ನೊಂದು, ಶಾಲೆಯ ಹೆಡ್‌ಮಿಸ್ಸಿಗೆ. ಮತ್ತೊಂದು, ತೆರಿಗೆ ಕಚೇರಿಯ ಅಧಿಕಾರಿಗೆ.

"ಹೂಂ. ಮುಖ ಬಿಗಿದುಕೊಂಡು ಕೂತವರಿಗೆ ಅವರದು ಒಂದೇ ಸುಳ್ಳು" ಎಂದಳು ಅಜ್ಜಿ. "ಹಡಗು, ಬಲೂನು ಎಲ್ಲ ನಗೋ ಜನಕ್ಕೆ. ಬಿಗಿ ಮುಖದವರಿಗೆ ನಿಜದ ಹಾಗೇ ಕಾಣೋದು ಬೇಕು, ಇಲ್ಲದಿದ್ರೆ ಅವರು ಇನ್ನೂ ಬಿಗಿಯಾಗ್ತಾರೆ ಅಂತಿದ್ರು."

ಮೂರು ಜೊತೆ ಕಣ್ಣುಗಳು ಮೆಲ್ಲಗೆ ಸೊಸೆಯ ಕಡೆಗೆ ತಿರುಗಿದವು. ಅವಳು ತನ್ನ ಮುಖವನ್ನು ತಾನೇ ಕೈಯಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಅವಳ ತುಟಿ ನಡುಗಿತು. ಅಳುತ್ತಾಳೆಂದು ಮಗ ಎದ್ದ. ಅವಳು ನಗುತ್ತಿದ್ದಳು. ಮೇಜಿಗೆ ತಲೆಯಿಟ್ಟು, ಭುಜ ಕುಲುಕಿಸಿ, ಆ ಮನೆಯಲ್ಲಿ ಯಾರೂ ಕಾಣದಷ್ಟು ನಕ್ಕಳು. "ನನಗೂ ಹೇಳಿದ್ರಲ್ಲ" ಎಂದು ಮಧ್ಯೆ ಮಧ್ಯೆ ಹೇಳಿದಳು. "ನನಗೂ ಒಂದು ಹೇಳಿದ್ರಲ್ಲ." ಮಗಳು ತನ್ನ ಲೋಟದ ನೀರನ್ನು ಅವಳ ಮುಂದಕ್ಕೆ ಸರಿಸಿ, ಬೆನ್ನು ಸವರಿದಳು.

ಬೀಗದೊಳಗೆ ಮಾತಾಡುವ ಆ ಹೆಂಗಸಿಗಿಂತ ಬಿಗಿ ಮುಖ ಯಾರಿಗಿದೆ, ಅವಳಿಗೂ ಅದನ್ನೇ ಹೇಳಿರುತ್ತಾರೆ ಎಂಬುದು ಅಜ್ಜಿಯ ತೀರ್ಮಾನ. ಭಾನುವಾರ ಮತ್ತೆ ಮೇಜಿನ ಸುತ್ತ ಕುಳಿತರು. ಈ ಸಲ ತಪ್ಪಿದರೆ ಕಟ್ಟರ್ ಒಂದೇ ಗತಿ. ಸೊಸೆ ಗಡಿಯಾರದ ಗೋಪುರ ಎಂದು ಬರೆದು, ಒಂದು ಸಲ ಓದಿ, ಇನ್ನೊಂದು ಸಲ ಓದಿ, ಒತ್ತಿದಳು. ಹಸಿರು ಗುರುತು ಬಂತು. ಮಗ ಮೇಜು ಗುದ್ದಿದ. ಎರಡನೆಯ ಪ್ರಶ್ನೆ: ನೀವು ಓದಿದ ಮೊದಲ ಶಾಲೆ ಯಾವುದು? ಸೊಸೆಗೆ ಅದೂ ಗೊತ್ತಿತ್ತು. ಸೇತುವೆ ಕೆಳಗಿನ ಶಾಲೆ. ಮೇಲೆ ರೈಲು ಹೋದಾಗಲೆಲ್ಲ ಮಗ್ಗಿ ನಿಲ್ಲಿಸಬೇಕಾಗಿತ್ತಂತೆ. ಅದನ್ನೂ ಅವಳು ಇಷ್ಟು ವರ್ಷ ನಂಬಿದ್ದಳು. ಹೆಡ್‌ಮಿಸ್ಸಿಗೂ ಅದನ್ನೇ ಹೇಳಿದ್ದನೆಂದು ನೋಟ್‌ಬುಕ್ ಹೇಳಿತು. ಬರೆದಳು, ಒತ್ತಿದಳು. ಹಸಿರು.

ಮೂರನೆಯ ಪ್ರಶ್ನೆ ಬಂತು: ನಿಮ್ಮ ಸಂಗಾತಿಯನ್ನು ನೀವು ಮೊದಲು ನೋಡಿದ್ದು ಎಲ್ಲಿ?

ಈಗ ಯಾರಿಗೂ ಅಳುಕಿರಲಿಲ್ಲ. ರೈಲಿನಲ್ಲಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಎಂದು ಅಜ್ಜ ಸೊಸೆಗೆ ಹೇಳಿದ್ದ. ಇನ್ಸ್‌ಪೆಕ್ಟರಿಗೂ ಅದನ್ನೇ ಹೇಳಿದ್ದ. ಎರಡು ಸಲ ಫಲಿಸಿದ ಸೂತ್ರ. ಸೊಸೆ ಬರೆದು ಮುಗಿಸಿ ಬೆರಳೆತ್ತಿದಳು. ಅ‍ಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಬೇಡ. ಇದಕ್ಕೆ ಸುಳ್ಳು ಬರೆದಿರೋದಿಲ್ಲ."

"ನಿಜ ಎಲ್ಲರಿಗೂ ಗೊತ್ತಲ್ಲಮ್ಮ" ಎಂದ ಮಗ. "ಕೆಲಸದ ಅರ್ಜಿಗೆ ಫೋಟೋ ತೆಗೆಸೋಕೆ ನೀನು ಸ್ಟುಡಿಯೋಗೆ ಹೋದೆ. ಅಲ್ಲೇ ನೋಡಿದ್ದು."

"ಆ ದಿನ ನಿಮ್ಮಪ್ಪ ಅಂಗಡಿಯ ಮುಂದೆ ಇರಲೇ ಇಲ್ಲ. ಫೋಟೋ ತೆಗೆದದ್ದು ಅವರ ಯಜಮಾನ್ರು. ನಾನು ದುಡ್ಡು ಕೊಟ್ಟು ಹೊರಟುಹೋದೆ."

ಅಜ್ಜಿ ಮುಂದುವರಿಸಿದಳು. ಐವತ್ತು ವರ್ಷ ಯಾರಿಗೂ ಹೇಳದ ಮಾತು ಅದು. ಆಗ ಅಜ್ಜ ಆ ಸ್ಟುಡಿಯೋದಲ್ಲಿ ಸಂಬಳದ ಆಳು. ಒಳಗೆ ಫಿಲಂ ತೊಳೆಯುವ ಕೆಲಸ ಅವನದು. ಸಂಜೆ ತೊಳೆದ ಫಿಲಮ್ಮನ್ನು ಕೆಂಪು ದೀಪ ಆರಿಸಿ, ಬಿಳಿ ದೀಪಕ್ಕೆ ಹಿಡಿದಾಗ, ಅದರಲ್ಲಿ ಅವಳಿದ್ದಳು.

"ಫಿಲಮ್ಮಿನಲ್ಲಿ ಎಲ್ಲ ಉಲ್ಟಾ ಅಲ್ವಾ? ಕಪ್ಪಗಿರೋದು ಬೆಳ್ಳಗೆ ಕಾಣುತ್ತೆ. ನನಗಾಗ ಇಪ್ಪತ್ತೊಂದು ವರ್ಷ. ಅವರಿಗೆ ಮೊದಲು ಕಂಡಿದ್ದು ತಲೆಯೆಲ್ಲ ನೆರೆತ ನನ್ನ ಮುಖ." ಅಜ್ಜಿ ತನ್ನ ಬಿಳಿಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. "ಮುದುಕಿಯಾದರೆ ಹೇಗಿರ್ತೀಯ ಅಂತ ಮೊದಲೇ ನೋಡಿಕೊಂಡು ಒಪ್ಪಿದವನು ನಾನು, ಇನ್ನು ಯಾವುದಕ್ಕೂ ಹೆದರಬೇಕಾಗಿಲ್ಲ ಅಂತಿದ್ರು. ಆ ವಿಷಯದಲ್ಲಿ ನನ್ನ ಹತ್ರ ಒಂದು ದಿನವೂ ಮಾತು ಬದಲಾಯಿಸಲಿಲ್ಲ."

ಮಗಳು ತಲೆ ತಗ್ಗಿಸಿದ್ದಳು. ಮಗ ಕಿಟಕಿಯ ಕಡೆ ನೋಡುತ್ತಿದ್ದ.

"ಅತ್ತೆ, ಒಂದೇ ಸಲ ಇರೋದು" ಎಂದಳು ಸೊಸೆ ಮೆಲ್ಲಗೆ. "ಖಂಡಿತ ತಾನೆ?"

"ಪ್ರಶ್ನೆಗಳನ್ನ ಆರಿಸಿಕೊಂಡದ್ದು ಅವರೇ ಅಂತ ಆ ಹುಡುಗಿ ಹೇಳಲಿಲ್ವಾ? ನನ್ನನ್ನ ಬಿಟ್ಟು ಇದಕ್ಕೆ ಉತ್ತರ ಗೊತ್ತಿರೋರು ಯಾರಿದ್ದಾರೆ? ಕೊಡು ಇಲ್ಲಿ."

ಬರೆದದ್ದನ್ನು ಸೊಸೆ ಅಳಿಸಿ ಫೋನ್ ಕೊಟ್ಟಳು. ಅಜ್ಜಿ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಹುಡುಕಿ, ಕತ್ತಲೆ ಕೋಣೆ ಎಂದು ಬರೆದಳು. ಕಣ್ಣು ಮುಚ್ಚಿ ಒಂದು ಸಲ ದೇವರನ್ನು ನೆನೆದು ಒತ್ತಿದಳು.

ಹಸಿರು ಗುರುತು ಬಂತು. ಗುಬ್ಬಿ ಬಂದು ಅಜ್ಜಿಯ ಕೊರಳಿಗೆ ಜೋತುಬಿದ್ದಳು.

ಅದರ ಮೇಲೆ ಇನ್ನೊಂದು ಮಾತು ತೆರೆದುಕೊಂಡಿತು: ಹಿಂದಿನ ಒಡೆಯರನ್ನು ಪಟ್ಟಿಯಿಂದ ತೆಗೆಯಬೇಕೆ? ಮಗ, ಅದು ಹಾಗೇ ಇರಲಿ ಬಿಡಮ್ಮ ಎಂದ. ಸೊಸೆ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡಳು. ಅಜ್ಜಿ ಅವಳ ಕಡೆ ನೋಡಿ, ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು ಎಂದಳು.

"ಬಳಸದೆ ಇರೋ ಹೆಸರು ಪಟ್ಟಿಯಲ್ಲಿದ್ರೆ ಅದು ತೆರೆದಿಟ್ಟ ಬಾಗಿಲು ಇದ್ದಂಗೆ ಅತ್ತೆ. ಯಾರಾದ್ರೂ ಆ ಹೆಸರಿನಲ್ಲಿ ಬರಬಹುದು. ತೆಗೆಯೋದೇ ಸರಿ. ಆದ್ರೆ ನನ್ನ ಬಾಯಲ್ಲಿ ಹೇಳೋಕೆ ಬರಲಿಲ್ಲ."

"ಸರಿಯಾಗೇ ಹೇಳಿದೆ. ಅವರು ಈಗ ಹೋಗಿರೋ ಮನೆಗೆ ಬೆರಳೂ ಬೇಡ, ಅಂಕಿಯೂ ಬೇಡ" ಎಂದು ಅಜ್ಜಿ ತಾನೇ ಹೌದು ಎಂಬುದನ್ನು ಒತ್ತಿದಳು. ಒತ್ತಿದ ಮೇಲೆ ಆ ಗಾಜನ್ನು ಸೆರಗಿನಿಂದ ಒರೆಸಿದಳು.

ಒಡೆತನ ಬಂದದ್ದೇ ಅಜ್ಜಿಗೆ ಹುರುಪು ಬಂತು. ಮೊದಲು ಮಗಳನ್ನು ಸದಸ್ಯರ ಪಟ್ಟಿಗೆ ಸೇರಿಸಿದಳು. ಇನ್ನು ಅವಳು ಬೆಲ್ಲು ಒತ್ತಿ ಬೀದಿಗೆಲ್ಲ ಕೇಳಿಸಬೇಕಾಗಿಲ್ಲ ಎಂದಳು. ಯಾರು ಯಾವಾಗ ಬಂದರೆಂಬುದು ಒಡೆಯರಿಗೆ ಕಾಣಿಸುತ್ತದೆಂದು ತಿಳಿದು, ಹಿಂದಿನ ತಿಂಗಳ ಲೆಕ್ಕವನ್ನು ಆಸಕ್ತಿಯಿಂದ ಓದಿದಳು. ಗುಬ್ಬಿಯ ಮುಖ ಬಿಳಿಚಿತು. ಕಾಲೇಜು ನಾಲ್ಕಕ್ಕೆ ಬಿಟ್ಟು ಅವಳು ಮನೆಗೆ ಆರಕ್ಕೆ ಬಂದ ದಿನಗಳು ಅಲ್ಲಿ ಸಾಲಾಗಿ ನಿಂತಿದ್ದವು. ಅಜ್ಜಿ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಪುಟ ಮುಂದೆ ಸರಿಸಿದಳು. ಕೊನೆಗೆ ಅಂಕಿಯ ಸೌಕರ್ಯ ತೆರೆದು, ಎಲ್ಲರಿಗೂ ಬೆನ್ನು ಮಾಡಿ ಕುಳಿತು ಆರು ಅಂಕಿಗಳನ್ನು ಗೊತ್ತುಮಾಡಿದಳು. ಮಗ, ಮರೆತುಹೋದೀಯ, ನನಗೊಬ್ಬನಿಗೆ ಹೇಳಿರು ಎಂದ. ಅಜ್ಜಿ ಹೇಳಲಿಲ್ಲ. ಅಪ್ಪನ ಹುಟ್ಟಿದ ದಿನ ತಾನೆ ಎಂದು ಮಗಳು ಕೆಣಕಿದಳು. ಅಷ್ಟು ಸುಲಭದ್ದನ್ನು ಇಟ್ಟರೆ ನಿನ್ನ ತಮ್ಮನ ಹೆಂಡತಿ ನನ್ನನ್ನು ಮನೆಯಿಂದ ಆಚೆ ಹಾಕುತ್ತಾಳೆ ಎಂದಳು ಅಜ್ಜಿ.

ಬುಧವಾರ ಬೆಳಿಗ್ಗೆ ಅಜ್ಜಿ ಯಾರಿಗೂ ಗಂಟೆ ಹೇಳದೆ ಮಂದಿರಕ್ಕೆ ಹೋದಳು. ಹಾಡು ಎಂದಿಗಿಂತ ಎರಡು ಹೆಚ್ಚಾಯಿತು. ಬರುವಾಗ ಬೇಕರಿಯವನ ಹತ್ತಿರ ನಿಂತು ಮಾತಾಡಿ, ತರಕಾರಿ ಕೊಂಡು, ಬೀದಿಯ ಬೆಕ್ಕಿನ ಮರಿಗಳನ್ನು ಎಣಿಸಿ, ನಿಧಾನವಾಗಿ ಬಂದಳು. ಸೊಸೆಗೆ ಆ ದಿನ ರಜೆ. ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದವಳಿಗೆ ಮುಂಬಾಗಿಲಲ್ಲಿ ಆರು ಸಲ ಟಿಕ್ ಟಿಕ್ ಎಂದು ಕೇಳಿಸಿತು. ಬಾಗಿಲು ತೆರೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು. ಎದ್ದವಳು ಮತ್ತೆ ಕುಳಿತಳು. ಸ್ವಲ್ಪ ಹೊತ್ತಿಗೆ ಪುನಃ ಟಿಕ್ ಟಿಕ್ ಎಂದು ಆರು ಸಲ. ಬಾಗಿಲು ತೆರೆಯಿತು, ಮುಚ್ಚಿತು. ಆಮೇಲೆ ಇನ್ನೊಂದು ಸಲ.

"ಎಷ್ಟು ಜನ ಬಂದ್ರಿ ಅತ್ತೆ?" ಎಂದು ಸೊಸೆ ಒಳಗಿನಿಂದ ಕೇಳಿದಳು.

"ಒಬ್ಬಳೇ ಕಣೇ" ಎಂದಳು ಅಜ್ಜಿ, ಚೀಲ ಕೆಳಗಿಟ್ಟು. "ಮೂರು ಸಲ ಬಂದೆ."